ಊದಿದರೆ ಹಾರದ ಕೂದಲು

ಅಕ್ಕ ಕೆಮ್ಮಿದಾಗಲೆಲ್ಲ ನನ್ನ ಕತ್ತರಿ ನಿಂತುಬಿಡುತ್ತಿತ್ತು. ಬಟ್ಟೆಯ ಅರ್ಧಕ್ಕೆ ಬಂದಿದ್ದರೂ ಸರಿ, ಕರಡಿಯ ಕಿವಿಯ ತಿರುವಿನಲ್ಲಿದ್ದರೂ ಸರಿ, ಇನ್ನೊಂದು ಕೆಮ್ಮು ಬರುತ್ತದೆಯೇ ಎಂದು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. "ಏನ್ ನೋಡ್ತಾ ನಿಂತೆ, ಕತ್ತರಿಸೋ" ಎಂದು ಅಕ್ಕ ಗದರುತ್ತಿದ್ದಳು. ಗದರುವಷ್ಟರಲ್ಲೇ ಇನ್ನೊಂದು ಸುತ್ತು ಬರುತ್ತಿತ್ತು.

ನಾವಿಬ್ಬರೂ ಕೈಯಲ್ಲೇ ಟೆಡ್ಡಿ ಕರಡಿ ಮಾಡುವವರು. ಅಕ್ಕನ ಮನೆಯ ಹಿಂದಿರುವ ಉದ್ದನೆಯ ಕೋಣೆಯೇ ನಮ್ಮ ಕಾರ್ಖಾನೆ. ಅದರ ಮೇಲಿನ ಒಂಟಿ ಕೋಣೆಯಲ್ಲಿ ನನ್ನ ವಾಸ. ಅಳೆಯುವುದು, ಕತ್ತರಿಸುವುದು, ಹೊಲಿದು ಹತ್ತಿ ತುಂಬುವುದು ನನ್ನ ಪಾಲಿಗೆ. ಮುಖ ಮಾತ್ರ ಅಕ್ಕನದು. ಮುಖ ಬರುವ ತನಕ ಕರಡಿಯೆಂದರೆ ಬರೀ ದಿಂಬು ಎಂದು ಅವಳ ವಾದ, ಅಂದರೆ ನಾನು ದಿಂಬು ಮಾಡುವವನು. ನಾನು ನಿಂತೇ ಕೆಲಸ ಮಾಡುತ್ತೇನೆ. ಕೂತರೆ ಕಾಲು ತಾನಾಗಿಯೇ ಅಲ್ಲಾಡತೊಡಗುತ್ತದೆ, ಮೇಜು ನಡುಗುತ್ತದೆ, ಅಕ್ಕನ ಸೂಜಿ ದಾರಿ ತಪ್ಪುತ್ತದೆ. ಚಿಕ್ಕಂದಿನಿಂದಲೂ ಅವಳು ನನ್ನನ್ನು ಕರೆಯುವುದು "ಕಾಲು ಸುಟ್ಟ ಬೆಕ್ಕು" ಎಂದೇ. ನನಗೆ ಮದುವೆಯಾಗದಿದ್ದದ್ದಕ್ಕೂ ಅವಳ ಬಳಿ ಇದೇ ಕಾರಣ. ನನ್ನ ಜೊತೆ ನೆಮ್ಮದಿಯಾಗಿ ಒಂದು ಲೋಟ ಟೀ ಕುಡಿಯುವುದಕ್ಕೂ ಆಗುವುದಿಲ್ಲವಂತೆ.

ನಮ್ಮ ಕರಡಿಗಳೆಲ್ಲ ಮೊಹೇರಿನವು. ಮೊಹೇರ್ ಎಂದರೆ ಉದ್ದ ಕೂದಲಿನ ಒಂದು ಜಾತಿ ಮೇಕೆಯ ರೋಮದಿಂದ ನೇಯ್ದ ಬಟ್ಟೆ. ಅದರ ಹೊಳಪೇ ಬೇರೆ, ಬೆರಳಿಗೆ ಮೊದಲು ತಣ್ಣಗೆ ಸೋಕಿ ಆಮೇಲೆ ಬೆಚ್ಚಗಾಗುವ ಗುಣವೇ ಬೇರೆ. ಅಕ್ಕ ಕಣ್ಣು ಕೂರಿಸಿ, ಮೂಗು ಹೊಲಿದು, ಕೊನೆಗೆ ಸಣ್ಣ ಕತ್ತರಿ ಹಿಡಿದು ಮೂತಿಯ ಕೂದಲು ಕತ್ತರಿಸುತ್ತಾಳೆ. ಒಂದು ಕಚಕ್, ಒಂದು ಫೂ. ಕತ್ತರಿಸಿದ ಕೂದಲನ್ನು ಬಾಯಿಂದ ಊದಿ ಹಾರಿಸುತ್ತಾಳೆ, ಕಣ್ಣು ಕಿರಿದು ಮಾಡಿ ನೋಡುತ್ತಾಳೆ, ಮತ್ತೆ ಕಚಕ್, ಮತ್ತೆ ಫೂ. ಊದಬೇಕಾದರೆ ಮೊದಲು ಉಸಿರು ಎಳೆದುಕೊಳ್ಳಬೇಕು. ಅಷ್ಟು ವರ್ಷ ಅವಳು ಎಳೆದುಕೊಂಡದ್ದು ಏನನ್ನು ಎಂದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

ಭಾವ ಬಸ್ ಓಡಿಸುವವರು, ಬಾಯಿ ತೆರೆದರೆ ತಮಾಷೆ. ಆದರೆ ಅಕ್ಕ ನಕ್ಕರೆ ನಗು ಅರ್ಧಕ್ಕೇ ಕೆಮ್ಮಾಗಿ ತಿರುಗುತ್ತಿತ್ತು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಗೋಡೆ ಹಿಡಿದುಕೊಳ್ಳುತ್ತಿದ್ದಳು. ಹಾಗಾಗಿ ಭಾವ ಮನೆಯಲ್ಲಿ ತಮಾಷೆ ಮಾಡುವುದನ್ನೇ ಬಿಟ್ಟರು. ತಟ್ಟೆ ನೋಡುತ್ತಾ ಊಟ ಮುಗಿಸಿ ಏಳುತ್ತಿದ್ದರು. ಕೊನೆಗೆ ಅವರೇ ಅಕ್ಕನನ್ನು ಬಲವಂತದಿಂದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಂದವರು ಮೆಟ್ಟಿಲ ಬಳಿ ನನ್ನನ್ನು ತಡೆದು ನಿಲ್ಲಿಸಿದರು.

"ಆ ಮೇಕೆ ಕೂದಲು ಇವಳ ಮೈಗೆ ಆಗ್ತಾ ಇಲ್ವಂತೆ ಕಣಪ್ಪಾ. ಅದನ್ನ ಬಿಡ್ಲೇಬೇಕಂತೆ. ಇಲ್ಲಾಂದ್ರೆ ಇನ್ನು ಸ್ವಲ್ಪ ದಿನಕ್ಕೆ ಮೆಟ್ಲು ಹತ್ತೋಕೂ ಉಸಿರು ಸಾಲಲ್ವಂತೆ."

"ಅಕ್ಕ ಏನಂದ್ಳು?"

"ಡಾಕ್ಟ್ರಿಗೇ ಬೈದು ಬಂದ್ಳು."

ಒಳಗೆ ಅಕ್ಕ ಆಗಲೇ ಮೇಜಿನ ಮುಂದೆ ಕೂತಿದ್ದಳು. "ಕೂದಲು ಬಿಟ್ಟು ನಾನೇನ್ ಮಾಡ್ಲಿ? ಕಿಟಕಿ ಹತ್ರ ಕೂತು ದಾರೀಲಿ ಹೋಗೋರನ್ನ ಎಣಿಸ್ಲಾ? ಈ ಗೋಡೆ ತೇವ ಕಣೋ. ಅದ್ಕೇ ಇಲ್ಲಿ ಕೂತ್ರೆ ಕೆಮ್ಮು, ಎದ್ದು ಹೋದ್ರೆ ಇಲ್ಲ. ಸುಣ್ಣ ಹೊಡ್ಸಿದ್ರೆ ಎಲ್ಲಾ ಸರಿಹೋಗುತ್ತೆ."

ಮಾಸ್ಕ್ ತಂದುಕೊಟ್ಟೆ. ಹಾಕಿಕೊಂಡಳು, ಇಲ್ಲವೆನ್ನಲಾರೆ. ಕಚಕ್ ಎನ್ನಿಸಿದಳು, ಊದಿದಳು, ಮಾಸ್ಕ್ ಉಬ್ಬಿತು, ಕೂದಲು ಇದ್ದಲ್ಲೇ ಇತ್ತು. ಸಂಜೆ ನೋಡಿದರೆ ಮಾಸ್ಕ್ ಒಂದು ಕರಡಿಯ ಮುಖದ ಮೇಲಿತ್ತು. "ಅದಕ್ಕೆ ನೆಗಡಿ" ಎಂದಳು.

ಸಿಂಥೆಟಿಕ್ ಫರ್, ಅಂದರೆ ಪ್ಲಾಸ್ಟಿಕ್ ಕೂದಲಿನ ಬಟ್ಟೆಯ ಒಂದು ತುಂಡು ತಂದು ತೋರಿಸಿದೆ. ಎರಡು ಬೆರಳಲ್ಲಿ ಎತ್ತಿ ಹಿಡಿದಳು, ಸತ್ತ ಇಲಿಯನ್ನು ಹಿಡಿಯುವ ಹಾಗೆ. "ಚೆನ್ನಾಗಿದೆ. ಬಚ್ಚಲ ಬಾಗಿಲಿಗೆ ಹಾಕು, ಕಾಲು ಒರೆಸ್ಕೊಳ್ಳೋಕಾಗುತ್ತೆ." ಆಮೇಲೆ ಮುಖ ಗಂಟಿಕ್ಕಿಕೊಂಡು, "ಇನ್ನೊಂದ್ಸಲ ಇದನ್ನ ಈ ಕೋಣೆಗೆ ತಂದ್ರೆ ನಿನ್ನನ್ನೂ ಇದ್ರ ಜೊತೆ ಆಚೆ ಹಾಕ್ತೀನಿ" ಎಂದಳು. ಅವಳ ಸಿಟ್ಟು ನನಗೆ ಹೊಸದಲ್ಲ. ಆದರೆ ಹೆದರಿಕೆ ಹೊಸದು. ಅಕ್ಕ ಮೇಜು ಬಿಟ್ಟು ಎದ್ದರೆ ಕೊರಗಿ ಹೋಗುತ್ತಾಳೆ. ಏಳದಿದ್ದರೆ ಉಸಿರು ಕಟ್ಟಿ ಹೋಗುತ್ತಾಳೆ. ಎರಡನ್ನೂ ನೋಡುತ್ತಾ ನಿಲ್ಲುವುದು ನನ್ನಿಂದಾಗದ ಮಾತು.

ಮಾರನೆಯ ದಿನದಿಂದ, ಅಕ್ಕ ಊಟ ಮುಗಿಸಿ ಮಲಗುವ ಹೊತ್ತಿನಲ್ಲಿ, ನನ್ನ ಕೋಣೆಯ ಚಿಲಕ ಹಾಕಿಕೊಂಡು ಆ ಸಿಂಥೆಟಿಕ್ ಫರಿನಿಂದಲೇ ಕದ್ದುಮುಚ್ಚಿ ಕರಡಿ ಮಾಡತೊಡಗಿದೆ.

ಮೊದಲನೆಯ ಕರಡಿಯ ಕಥೆ ಹೇಳಲು ನಾಚಿಕೆಯಾಗುತ್ತದೆ. ಮೊಹೇರಿಗೆ ಬಳಸುವ ರಟ್ಟಿನ ಅಚ್ಚನ್ನೇ ಇಟ್ಟು ಕತ್ತರಿಸಿ, ಅಷ್ಟೇ ಬಿಗಿಯಾಗಿ ಹತ್ತಿ ತುಂಬಿದೆ. ಮೊಹೇರಿನ ಬೆನ್ನು, ಅಂದರೆ ಬಟ್ಟೆಯ ಹಿಂಬದಿ, ನೇಯ್ದದ್ದು, ಎಷ್ಟು ತುಂಬಿದರೂ ಜಗ್ಗುವುದಿಲ್ಲ. ಈ ಫರಿನ ಬೆನ್ನು ಬನಿಯನ್ನಿನಂತೆ ಹೆಣೆದದ್ದು. ತುಂಬಿದಷ್ಟೂ ಜಗ್ಗಿತು. ಕೆನ್ನೆಗಳು ಊದಿ, ನಾನೇ ಹೇಗೋ ಕೂರಿಸಿದ ಕಣ್ಣುಗಳು ಒಳಗೆ ಹೂತುಹೋದವು. ಭಾವ ಬಾಗಿಲು ಬಡಿದು ಒಳಗೆ ಬಂದವರು ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಪಾಪ, ಮಂಗನಬಾವು" ಎಂದರು ಕೊನೆಗೆ. ನಗು ತಡೆಯಲಾರದೆ ನನ್ನ ಹಾಸಿಗೆಗೆ ಮುಖ ಒತ್ತಿಕೊಂಡು ನಕ್ಕರು. ಅವರು ನಕ್ಕು ಎಷ್ಟು ದಿನವಾಗಿತ್ತೋ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಕರಡಿಯನ್ನು ಬೀರುವಿನ ತಳಕ್ಕೆ ತುರುಕಿದೆ.

ಎರಡನೆಯದರ ಕೂದಲು ಅಡ್ಡಾದಿಡ್ಡಿ ಬಿದ್ದಿತ್ತು. ಮೊಹೇರಿಗೆ ಮಾಡುವ ಹಾಗೆ ಇಸ್ತ್ರಿ ಪೆಟ್ಟಿಗೆಯ ಹಬೆ ಕೊಡೋಣವೆಂದು ಹೋದೆ. ಬೆನ್ನಿನ ಕೂದಲು ಕರಗಿ ಗಟ್ಟಿ ಹಪ್ಪಳದಂತಾಯಿತು. ವಾಸನೆ ಕೆಳಗಿನ ತನಕ ಹೋಯಿತು. "ಏನೋ ಅದು ಸುಟ್ಟಿದ್ದು?" ಎಂದು ಅಕ್ಕ ಕೂಗಿದಳು. "ಬಾಚಣಿಗೆ!" ಎಂದು ನಾನೂ ಕೂಗಿದೆ. ಬಾಚಣಿಗೆ ಯಾಕೆ ಸುಟ್ಟಿತು ಎಂದು ಅವಳು ಕೇಳಲಿಲ್ಲ. ನನ್ನ ಬಗ್ಗೆ ಅವಳಿಗಿರುವ ಅಭಿಪ್ರಾಯವೇ ಅಂಥದ್ದು.

ಆಮೇಲೆ ಬಟ್ಟೆ ಅಂಗಡಿಯವನ ತಲೆ ತಿಂದು ಬೇರೆ ಫರ್ ತರಿಸಿದೆ. ಹೊಳಪು ಕಡಿಮೆ, ಕೂದಲು ದಟ್ಟ. ಪ್ರತಿ ತುಂಡಿನ ಬೆನ್ನಿಗೂ ಜಗ್ಗದ ಲೈನಿಂಗ್ ಬಟ್ಟೆ ಕೊಟ್ಟು ಹೊಲಿದೆ. ಕೆನ್ನೆಯ ಅಚ್ಚನ್ನು ಕಿರಿದು ಮಾಡಿದೆ. ಕತ್ತರಿಸಿದ ತುಂಡುಗಳನ್ನೆಲ್ಲ ತಾರಸಿಗೆ ಒಯ್ದು, ಒಂದು ಕೂದಲೂ ಉದುರದ ತನಕ ಕೊಡವಿದೆ. ಹೊಲಿದು ತುಂಬಿದ ಮೇಲೆ ತಲೆಯನ್ನು ಅಂಗೈ ಮೇಲಿಟ್ಟು ನೋಡಿದೆ. ದಿಂಬು ಸರಿಯಾಗಿತ್ತು. ಇನ್ನು ಮುಖ ಬೇಕು, ಮುಖ ಅಕ್ಕನಿಂದಲೇ ಬರಬೇಕು.

ಕೆಳಗಿನ ಕೋಣೆಯಲ್ಲಿ ಇಲಿ ಸತ್ತಿದೆ ಎಂದು ಸುದ್ದಿ ಹಬ್ಬಿಸಿದೆ. ಅಕ್ಕ ಮೂಗು ಮುಚ್ಚಿಕೊಂಡು ನಾಲ್ಕೈದು ದಿನ ಮನೆಯೊಳಗೇ ಉಳಿದಳು. ಇಲ್ಲದ ಇಲಿಯ ವಾಸನೆ ಅವಳಿಗೆ ಬಂದದ್ದೂ ನನ್ನ ಪುಣ್ಯ. ನಾನೂ ಭಾವನೂ ಮೊಹೇರಿನ ಸುರುಳಿಗಳನ್ನೆಲ್ಲ ನನ್ನ ಕೋಣೆಗೆ ಸಾಗಿಸಿದೆವು. ಗೋಡೆ, ಮೇಜು, ಕಿಟಕಿಯ ಸಂದುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು. ಅಕ್ಕ ಕೂರುವ ಕುರ್ಚಿಯ ಮೆತ್ತೆ ಕೊಡವಿದಾಗ ಹೊರಬಿದ್ದ ಕೂದಲು ನೋಡಿ ಭಾವ ಮುಖ ಆಚೆ ತಿರುಗಿಸಿಕೊಂಡರು. ಗೋಡೆಗೆ ಮಾತ್ರ ಸುಣ್ಣ ಹೊಡೆಸಲಿಲ್ಲ.

ಅಷ್ಟು ದಿನ ದೂರವಿದ್ದುದರಿಂದ ಅಕ್ಕನ ಕೆಮ್ಮು ತಗ್ಗಿತ್ತು. ಕೆಲಸ ಬಿಟ್ಟಾಗಲೆಲ್ಲ ತಗ್ಗುತ್ತಿತ್ತು, ಮತ್ತೆ ಮೇಜಿನ ಮುಂದೆ ಕೂತರೆ ಮಧ್ಯಾಹ್ನದೊಳಗೆ ಹಾಜರಾಗುತ್ತಿತ್ತು. ಬೆಳಿಗ್ಗೆ ಬಂದು ಕೂತವಳ ಮುಂದೆ ನಾನು ಆ ತಲೆಯನ್ನಿಟ್ಟೆ.

"ಹಳೇ ಮಾಲು ಮುಗೀತು. ಇದು ಹೊಸ ಗಿರಣಿ ಮೊಹೇರು."

ಅಕ್ಕ ಎತ್ತಿಕೊಂಡಳು. ಹೆಬ್ಬೆರಳಿಂದ ಕೂದಲನ್ನು ಹಿಂದಕ್ಕೆ ಸವರಿದಳು. ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದಳು. ನಾನು ನೆಲದ ಮೇಲೆ ಬಿದ್ದ ದಾರದ ತುಂಡುಗಳನ್ನು ಆರಿಸತೊಡಗಿದೆ.

"ಹೊಸ ಗಿರಣೀನಾ?"

"ಹೂಂ."

"ಹೂಂ" ಎಂದು ಅವಳೂ ಅಂದು ಸೂಜಿಗೆ ದಾರ ಪೋಣಿಸಿದಳು.

ಆ ದಿನ ನಾನು ಒಂದು ಕಡೆ ನಿಲ್ಲಲಿಲ್ಲ. ಹಿತ್ತಲಿಗೆ ಹೋದೆ, ಬಂದೆ. ಕತ್ತರಿ ಮಸೆದೆ, ಮಸೆದ ಕತ್ತರಿಯನ್ನೇ ಮತ್ತೆ ಮಸೆದೆ. ನೀರು ಕುಡಿದು ಕುಡಿದು ಹೊಟ್ಟೆ ಗುಳುಗುಳು ಅಂದಿತು. ಅಕ್ಕ ಕಣ್ಣು ಕೂರಿಸಿದಳು, ಮೂಗು ಹೊಲಿದಳು. ಸಣ್ಣ ಕತ್ತರಿ ಎತ್ತಿಕೊಂಡಾಗ ನನ್ನ ಜೀವ ಬಾಯಿಗೆ ಬಂತು. ಕಚಕ್. ಫೂ. ಕೂದಲು ಹಾರಲಿಲ್ಲ, ಅವಳ ಬೆರಳಿಗೇ ಅಂಟಿಕೊಂಡಿತು. ಅವಳು ಸೆರಗಿಗೆ ಒರೆಸಿಕೊಂಡಳು. ಮತ್ತೆ ಕಚಕ್, ಮತ್ತೆ ಅಂಟಿತು, ಮತ್ತೆ ಒರೆಸಿಕೊಂಡಳು.

ಮಾರನೆಯ ದಿನ ಇನ್ನೊಂದು ತಲೆ ಕೊಟ್ಟೆ. ಅದನ್ನೂ ಮಾಡಿದಳು. ಅದರ ಮಾರನೆಯ ದಿನ ಮತ್ತೊಂದು. ನಾನು ಗೆದ್ದೆ ಎಂದು ಬೆನ್ನು ತಟ್ಟಿಕೊಳ್ಳಬೇಕಿತ್ತು. ಬದಲಿಗೆ ನನ್ನೊಳಗೆ ಬೇರೊಂದು ಭಯ ಹುಟ್ಟಿಕೊಂಡಿತು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಎಂಥ ಮೊಹೇರು, ಎಷ್ಟು ಹಳೆಯದು ಎಂದು ಹೇಳುತ್ತಿದ್ದ ಕೈ ಅದು. ಆ ಕೈಗೆ ಮೇಕೆಯ ಕೂದಲು ಯಾವುದು, ಪ್ಲಾಸ್ಟಿಕ್ ಯಾವುದು ತಿಳಿಯುತ್ತಿಲ್ಲವೇ? ಕತ್ತರಿಸಿದ ಮೂತಿಯಲ್ಲಿ ಬೂದು ಬಣ್ಣದ ಹೆಣಿಗೆ ಬೋಳಾಗಿ ಕಾಣುತ್ತಿತ್ತು, ಅದೂ ಕಾಣುತ್ತಿಲ್ಲವೇ? ಅಕ್ಕನ ಉಸಿರು ಉಳಿಸಲು ಹೋಗಿ ಅಕ್ಕನ ಬೆರಳು ಸತ್ತಿರುವುದನ್ನು ಕಂಡುಹಿಡಿದೆನೇ? ಊಟ ಸೇರಲಿಲ್ಲ. ಭಾವನಿಗೆ ಹೇಳಿದೆ. "ಸುಮ್ನಿರಪ್ಪಾ, ಕೆಲಸ ನಡೀತಿದೆಯಲ್ಲ" ಎಂದರು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ.

ಆ ಮೂರನೆಯ ದಿನ ಸಂಜೆ ಅಕ್ಕ ಮೂತಿ ಕತ್ತರಿಸುತ್ತಿದ್ದಳು. ಭಾವ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಅದು ಮೊಹೇರಲ್ಲ!"

ಅಕ್ಕ ತಲೆ ಎತ್ತಲಿಲ್ಲ. "ಗೊತ್ತು."

"ಅದು ಸಿಂಥೆಟಿಕ್ಕು. ನಾನೇ..."

"ಗೊತ್ತು ಅಂದ್ನಲ್ಲೋ. ಕೈಗಿಟ್ಟ ತಕ್ಷಣ ಗೊತ್ತಾಯ್ತು. ಹೊಸ ಗಿರಣಿಯಂತೆ, ಹೊಸ ಗಿರಣಿ! ಸುಳ್ಳು ಹೇಳೋಕಾದ್ರೂ ನೆಟ್ಟಗೆ ಬರುತ್ತಾ ನಿಂಗೆ?"

"ಮತ್ಯಾಕೆ ಇಷ್ಟು ದಿನ ಬಾಯಿ ಬಿಡ್ಲಿಲ್ಲ? ನನ್ನ ಪ್ರಾಣ ಹೋಗಿತ್ತು!"

ಅಕ್ಕ ಕತ್ತರಿ ಕೆಳಗಿಟ್ಟಳು. "ಕೆಮ್ಮು ಬರ್ಲಿ ಅಂತ ಕಾಯ್ತಿದ್ದೆ. ಬಂದ ತಕ್ಷಣ ಇದನ್ನ ನಿನ್ನ ಮುಖಕ್ಕೆ ಎಸೆದು, ನೋಡು, ಕೂದಲಿಂದಲ್ಲ, ಗೋಡೆಯಿಂದಾನೇ ಅಂತ ಹೇಳೋಣಾಂತ. ಮೊದಲ್ನೇ ದಿನ ಬರ್ಲಿಲ್ಲ. ನಾಳೆ ಬರುತ್ತೆ ಅಂದ್ಕೊಂಡೆ. ಇವತ್ತು ಬೇಕೂಂತ್ಲೇ ಜೋರಾಗಿ ಉಸಿರೆಳೆದು ಊದ್ದೆ. ನಿನ್ನ ಹಾಳು ಕೂದಲು ಹಾರ್ಲಿಲ್ಲ. ಆದ್ರೆ ಉಸಿರು ಪೂರ್ತಿ ಬಂತು ಕಣೋ. ತಳದವರೆಗೂ ಬಂತು."

ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು, ನಮ್ಮಲ್ಲಿ ಅದು ರೂಢಿಯಿಲ್ಲ. ಮೇಜಿನ ಮೇಲಿನ ದಾರದ ಉಂಡೆಗಳನ್ನು ಅತ್ತಿಂದಿತ್ತ ಜೋಡಿಸಿದೆ.

"ಗೋಡೇನ ಎಷ್ಟು ಬೈದಿದ್ದೆ" ಎಂದಳು, ಕಣ್ಣೊರೆಸಿಕೊಂಡು. ಮರುಕ್ಷಣವೇ ಕರಡಿಯ ತಲೆ ನನ್ನತ್ತ ಚಾಚಿದಳು. "ಈ ಮೂತಿ ನೋಡು, ಬೋಳು ಬೋಳು. ಇಂಥದ್ದನ್ನ ಆಚೆ ಕಳಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಮೂತಿಗೆ ಬೇರೇನೇ ಗಿಡ್ಡ ಕೂದಲಿಂದು ತಗೊಂಡ್ ಬಾ, ಕತ್ತರಿಸೋ ಹಾಗೇ ಇರ್ಬಾರ್ದು. ಮತ್ತೆ ಇದನ್ನ ಮೊಹೇರು ಅಂತ ಯಾರಿಗೂ ಹೇಳ್ಬೇಡ."

"ಹಳೇ ಮೊಹೇರ್ ಸುರುಳಿಗಳು ಮೇಲೆ ನನ್ನ ಕೋಣೇಲಿವೆ, ಅವು?"

ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. "ಅಲ್ಲೇ ಇರ್ಲಿ. ಮುಟ್ಬೇಕೂಂತ ನಾನೇ ಬಂದ್ರೂ ಬಾಗಿಲು ತೆಗೀಬೇಡ."

ಆಗ ಭಾವ ಒಂದೇ ಕಾಲಿನ ಬೂಟಿನಲ್ಲೇ ದಡದಡ ನನ್ನ ಕೋಣೆಗೆ ಹತ್ತಿ, ಇಳಿದು ಬಂದರು. ಕೈಯಲ್ಲಿ ನನ್ನ ಮೊದಲನೆಯ ಕರಡಿ. ಅದಕ್ಕೆ ತಮ್ಮ ಡ್ರೈವರ್ ಟೋಪಿ ತೊಡಿಸಿದ್ದರು.

"ಲೇ, ಇವರನ್ನ ನೋಡು. ಮಂಗನಬಾವು ಅಂತೆ, ರಜಾ ಕೇಳೋಕೆ ಬಂದಿದ್ದಾರೆ."

"ಭಾವಾ, ಬೇಡಿ!" ಎಂದೆ. ತಡವಾಗಿತ್ತು. ಅಕ್ಕನ ಕಣ್ಣು ಆ ಊದಿದ ಕೆನ್ನೆಗಳ ಮೇಲೆ ಬಿತ್ತು. ಅವಳು ನಕ್ಕಳು. ಮೊದಲು ಮೂಗಲ್ಲಿ, ಆಮೇಲೆ ಬಾಯಿ ತೆರೆದು, ಆಮೇಲೆ ಮೇಜು ಬಡಿಯುತ್ತಾ. ಭಾವನ ಮುಖದ ನಗು ಅಲ್ಲೇ ನಿಂತಿತು, ಅವರ ಕೈ ಆಗಲೇ ನೀರಿನ ಲೋಟದ ಕಡೆ ಚಾಚಿತ್ತು. ಇನ್ನೇನು ಕೆಮ್ಮು ಬರುತ್ತದೆ, ಇನ್ನೇನು ಬಂತು ಎಂದು ನಾನು ಹಲ್ಲು ಕಚ್ಚಿ ಕಾದೆ. ಅಕ್ಕ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, "ಇದಕ್ಕೇನಾ ಬಾಚಣಿಗೆ ಸುಟ್ಟಿದ್ದು" ಎಂದು ಕೇಳಿ ಮತ್ತೆ ನಕ್ಕಳು. ನಗು ತಾನಾಗಿಯೇ ನಿಧಾನವಾಗಿ, ತಾನಾಗಿಯೇ ಮುಗಿಯಿತು. ಅದರ ಹಿಂದೆ ಏನೂ ಬರಲಿಲ್ಲ.

ಭಾವ ಲೋಟದ ನೀರನ್ನು ತಾವೇ ಕುಡಿದರು.

"ಯಾಕೋ ಹಾಗೆ ನಿಂತಿದೀಯಾ, ಕಾಲು ಸುಟ್ಟ ಬೆಕ್ಕಿನ ಥರ?" ಎಂದಳು ಅಕ್ಕ. "ಈಗ್ಲಾದ್ರೂ ಕೂತ್ಕೋ."

ನಾನು ಸ್ಟೂಲು ಎಳೆದುಕೊಂಡು ಕೂತೆ.