ಗೋಡೆಯ ಮೇಲಿನ ಸಣ್ಣ ಮಿಸ್

ಐದನೇ ತರಗತಿ ಬಿ ವಿಭಾಗದ ಗಣಿತದ ಟೀಚರನ್ನು ಸೋಮವಾರ ಕೆಲಸದಿಂದ ತೆಗೆದರು. ಮಂಗಳವಾರ ಆ ತರಗತಿಯ ಗೋಡೆಯ ಮೇಲೆ ಎ ವಿಭಾಗದ ಟೀಚರ ವಿಡಿಯೊ ಬಿಟ್ಟರು.

ಶುಕ್ರವಾರ ಎ ವಿಭಾಗದ ಆ ಟೀಚರು ಬಿ ವಿಭಾಗದ ಕಿಟಕಿಯ ಹೊರಗೆ ನಿಂತು ತನ್ನ ಪಾಠವನ್ನು ತಾನೇ ಕೇಳುತ್ತಿದ್ದಳು. ಮಕ್ಕಳ ಬಾಯಲ್ಲಿ ಅವಳು ಸಣ್ಣ ಮಿಸ್. ಕೆಲಸ ಕಳೆದುಕೊಂಡವರು ದೊಡ್ಡ ಮಿಸ್. ದೊಡ್ಡ ಮಿಸ್ ನಿಂತರೆ ಸಣ್ಣ ಮಿಸ್‌ನ ಭುಜಕ್ಕೆ ಬರುತ್ತಿದ್ದರು, ಆ ಮಾತು ಬೇರೆ. ಮಕ್ಕಳು ಅಳೆದದ್ದು ವಯಸ್ಸನ್ನು.

ಗೋಡೆಯ ಮೇಲಿನ ಸಣ್ಣ ಮಿಸ್ ಇಸ್ತ್ರಿ ಮುರಿಯದ ಬಟ್ಟೆಯಲ್ಲಿ, ಎಂದೂ ಇಲ್ಲದ ನಗುವಿನಲ್ಲಿ, ಒಂದು ಹಾಳೆಯನ್ನು ಎತ್ತಿ ಹಿಡಿದಿದ್ದಳು. "ಹೇಳಿ ನೋಡೋಣ ಮಕ್ಕಳೇ, ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ?" ಎಂದು ಕೇಳಿ, ಕಣ್ಣರಳಿಸಿ ಸುಮ್ಮನಾದಳು.

"ನಾಲ್ಕರಲ್ಲಿ ಒಂದು!" ಇಡೀ ತರಗತಿ ಒಂದೇ ಗಂಟಲಾಗಿ ಕೂಗಿತು.

"ಶಹಬ್ಬಾಸ್! ಎಷ್ಟು ಚೆನ್ನಾಗಿ ಹೇಳಿದಿರಿ!" ಗೋಡೆ ಚಪ್ಪಾಳೆ ತಟ್ಟಿತು.

ನಾಲ್ಕು ಮೂರಕ್ಕಿಂತ ದೊಡ್ಡದು, ಹಾಗಾಗಿ ಪಾಲೂ ದೊಡ್ಡದು. ಪ್ರತಿ ವರ್ಷ ಮಕ್ಕಳು ಎಡವುವುದು ಈ ಕಲ್ಲಿಗೇ. ಎಡವಿದ ಕೂಡಲೇ ಹಾಳೆಯನ್ನು ಅವರ ಕೈಗೇ ಕೊಟ್ಟು ಹರಿಸಬೇಕು, ಪಾಲು ಮಾಡಿಸಬೇಕು. 'ಅಯ್ಯೋ ಮಿಸ್, ಇದು ಚಿಕ್ಕದಾಯ್ತು' ಎನ್ನುವ ಮಾತು ಅವರ ಬಾಯಿಂದಲೇ ಬರಬೇಕು. ಗೋಡೆಯ ಮೇಲಿನವಳಿಗೆ ಅಷ್ಟು ಪುರುಸೊತ್ತಿರಲಿಲ್ಲ. ಅವಳಾಗಲೇ ಮುಂದಿನ ಲೆಕ್ಕಕ್ಕೆ ಹೋಗಿದ್ದಳು.

ಕಿಟಕಿಯ ಪಕ್ಕ ಕೂತಿದ್ದ ಹುಡುಗಿ ಎತ್ತಿದ ಕೈಯನ್ನು ಇನ್ನೊಂದು ಕೈಗೆ ಆನಿಸಿಕೊಂಡಿದ್ದಳು. ಹೊರಗೆ ನಿಂತವಳನ್ನು ಕಂಡು ಪಿಸುಗುಟ್ಟಿದಳು: "ಮಿಸ್, ನಿನ್ನೆ ಹಿಂದಿನ ಬೆಂಚಿನವನು 'ಆನೆ' ಅಂದ. ಅದಕ್ಕೂ ನೀವು ಶಹಬ್ಬಾಸ್ ಅಂದ್ರಿ."

"ಕೈ ಯಾಕೆ ಎತ್ತಿದೀಯ ಪುಟ್ಟಾ?"

"ಡೌಟಿದೆ. ನೀವು ಅಲ್ಲೂ ಇದೀರಿ, ಇಲ್ಲೂ ಇದೀರಿ. ಯಾರನ್ನ ಕೇಳ್ಲಿ?"

ಸಣ್ಣ ಮಿಸ್ ಬಾಗಿಲಿಗೆ ಬಂದಳು. ರಿಮೋಟು ಹಿಡಿದು ಕುರ್ಚಿಯ ತುದಿಯಲ್ಲಿ ಕೂತಿದ್ದ ಆಯಾ ದಡಬಡಿಸಿ ಎದ್ದು ಅಡ್ಡ ನಿಂತಳು.

"ಒಳಗೆ ಬರಬೇಡಿ ಮಿಸ್. ಮಧ್ಯದಲ್ಲಿ ನಿಲ್ಲಿಸಿದ್ರೆ ಆಫೀಸಿನ ಕಂಪ್ಯೂಟರಲ್ಲಿ ಕೆಂಪಗೆ ತೋರಿಸುತ್ತಂತೆ. ದಮ್ಮಯ್ಯ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಹೊಡೆಯುವ ಕೈ ಯಾರದು, ಹೊಟ್ಟೆ ಯಾರದು ಎಂದು ಅಲ್ಲಿ ನಿಂತು ವಾದಿಸುವ ಹಾಗಿರಲಿಲ್ಲ. ಸಣ್ಣ ಮಿಸ್ ತಿರುಗಿ ನಡೆದಳು. ಓಣಿಯುದ್ದಕ್ಕೂ ಅವಳ ದನಿಯೇ ಅವಳ ಬೆನ್ನಟ್ಟಿ ಬಂತು.

ರಜೆಯಲ್ಲಿ ತರಬೇತಿ ನಡೆದಿತ್ತು. ವೃತ್ತಿ ಬೆಳವಣಿಗೆ ಎಂದು ಅದರ ಹೆಸರು. ತಂತ್ರಜ್ಞಾನ ಕಲಿತ ಟೀಚರಿಗೆ ಸಮಯ ಉಳಿಯುತ್ತದೆ ಎಂದು ಬೂಟು ಟಕಟಕಿಸುತ್ತ ಓಡಾಡಿದವನೊಬ್ಬ ಹೇಳಿದ್ದ. ಉಳಿದ ಸಮಯ ಯಾರ ಜೇಬಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ. ಪಾಠ ರೆಕಾರ್ಡ್ ಮಾಡಿ, ಜ್ವರ ಬಂದು ಮನೆಯಲ್ಲಿ ಮಲಗಿದ ಮಕ್ಕಳು ನೋಡಲಿ ಎಂದಿದ್ದರು. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ತಡೆಯಬೇಕು, ಆಮೇಲೆ ಮೆಚ್ಚಬೇಕು, ಮಕ್ಕಳಿಗೆ ಹುರುಪು ಬರುತ್ತದೆ ಎಂದೂ ಹೇಳಿಕೊಟ್ಟಿದ್ದರು. ಕ್ಯಾಮೆರಾ ಕಂಡದ್ದೇ ಸಣ್ಣ ಮಿಸ್‌ನ ನಾಲಿಗೆ ಒಣಗಿತು. ಆಗ ದೊಡ್ಡ ಮಿಸ್ ಸ್ಟೂಲು ಎಳೆದುಕೊಂಡು ಕ್ಯಾಮೆರಾದ ಕೆಳಗೆ ಕೂತರು. "ನನ್ನ ಮುಖ ನೋಡ್ಕೊಂಡು ಹೇಳೇ. ನಾನೇ ನಿನ್ನ ಕ್ಲಾಸು." ಅವಳು ಕೇಳಿದ ಒಂದೊಂದು ಪ್ರಶ್ನೆಗೂ ಸದ್ದಿಲ್ಲದೆ ತುಟಿಯಲ್ಲೇ ಸರಿಯುತ್ತರ ಹೇಳಿದರು. ಆ ಶಹಬ್ಬಾಸು ಅವರಿಗೆ ಹೇಳಿದ್ದು.

ಸಂಜೆ ಅವಳು ದೊಡ್ಡ ಮಿಸ್ ಮನೆಗೆ ಹೋದಾಗ ಅವರು ಮಂಚದ ಮೇಲೆ ಒಣಗಿದ ಬಟ್ಟೆ ಸುರಿದುಕೊಂಡು ಮಡಚುತ್ತಿದ್ದರು.

"ಬಾ ಬಾ, ಗೋಡೆ ಮೇಲಿನ ರಾಣಿ. ನಮ್ಮನೆಗೆ ಬಾಗಿಲಿಂದಲೇ ಬಂದೆಯಲ್ಲ, ಪುಣ್ಯ."

"ಬೈದುಬಿಡಿ ಅಕ್ಕಾ. ಹೀಗೆ ನಗಬೇಡಿ."

"ಯಾರನ್ನ ಬೈಲಿ? ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರೆ. ಕಾವು ನೀನಾದ್ರೆ, ಅದನ್ನ ಕೆತ್ತಿ ಕೊಟ್ಟವಳು ನಾನು." ಮಡಚಿಟ್ಟ ಟವೆಲನ್ನೇ ಬಿಡಿಸಿ ಮತ್ತೆ ಮಡಚಿದರು. "ಇವತ್ತೂ ಬೆಳಗ್ಗೆ ಬ್ಯಾಗು ಹೆಗಲಿಗೆ ಹಾಕ್ಕೊಂಡು ಬಾಗಿಲ ತನಕ ಹೋಗಿಬಿಟ್ಟೆ ಕಣೇ. ಚಪ್ಪಲಿ ಮೆಟ್ಟುವಾಗ ನೆನಪಾಯ್ತು."

ಸಣ್ಣ ಮಿಸ್ ಏನೋ ಹೇಳಲು ಹೋದಳು. ಬಂದದ್ದು ಅಳು. ದೊಡ್ಡ ಮಿಸ್ ಅದೇ ಟವೆಲನ್ನು ಅವಳ ಮಡಿಲಿಗೆ ಎಸೆದರು.

ಮರುವಾರ ಹೆಡ್‌ಮಾಸ್ಟರು ಕರೆಸಿದರು. ಕೂರಿಸಿ, ಕಾಫಿ ತರಿಸಿದರು. ಆ ಕೋಣೆಯಲ್ಲಿ ಟೀಚರುಗಳಿಗೆ ಕಾಫಿ ಬರುವುದು ಏನಾದರೂ ಕೆಟ್ಟದ್ದಿದ್ದಾಗ.

"ಒಳ್ಳೇ ಸುದ್ದಿ ಮಿಸ್. ಆರಕ್ಕೂ ಏಳಕ್ಕೂ ಇನ್ನು ನಿಮ್ಮದೇ ಪಾಠ. ನಿಮ್ಮನ್ನ ಮಾರ್ಗದರ್ಶಿ ಶಿಕ್ಷಕಿ ಮಾಡ್ತಾರಂತೆ."

"ಆರು, ಏಳರ ಟೀಚರುಗಳು?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ಅದು ಮೇಲಿನವರ ವಿಚಾರ."

"ನಾನು ರೆಕಾರ್ಡ್ ಮಾಡಲ್ಲ ಸರ್."

"ನೀವು ಮಾಡೋದೇ ಬೇಡ! ಅದೇ ತಾನೇ ಅನುಕೂಲ. ನಿಮ್ಮ ದನಿ, ಮುಖ ಎಲ್ಲ ಅವರ ಹತ್ರ ಇದೆ. ಪುಸ್ತಕ ಕೊಟ್ಟರೆ ಸಾಕು, ಕಂಪ್ಯೂಟರು ನಿಮ್ಮ ಹಾಗೇ ಪಾಠ ಹೇಳುತ್ತೆ. ನಿಮಗಾದ್ರೂ ನೆಗಡಿ ಬರುತ್ತೆ, ಅದಕ್ಕೆ ಅದೂ ಬರಲ್ಲ." ತಮ್ಮ ಹಾಸ್ಯಕ್ಕೆ ತಾವೇ ಅರ್ಧ ನಕ್ಕು ನಿಲ್ಲಿಸಿದರು. "ಹೊಸ ಪಾಠಕ್ಕೆ ಹೊಸ ಒಪ್ಪಿಗೆ ಬೇಕಂತೆ. ಕ್ಯಾಮೆರಾ ಮುಂದೆ ಒಪ್ಪಿದೀನಿ ಅಂತ ಒಂದು ಸಾಲು ಹೇಳಿದ್ರೆ ಮುಗೀತು."

"ಹೇಳದಿದ್ರೆ?"

"ಮಿಸ್..." ದನಿ ತಗ್ಗಿತು. "ಐದನೇ ತರಗತಿ ಎ ವಿಭಾಗಕ್ಕೂ ಅದೇ ವಿಡಿಯೊ ಸಾಕಲ್ವಾ? ಇದು ನನ್ನ ಮಾತಲ್ಲ. ಹೇಳು ಅಂದದ್ದನ್ನ ಹೇಳ್ತಿದೀನಿ. ನೀವು ಒಲ್ಲೆ ಅಂದ್ರೆ ಇನ್ನೊಬ್ಬರನ್ನ ಹುಡುಕ್ತಾರೆ. ಊರಲ್ಲಿ ಗಂಟಲಿಗೇನು ಬರವೇ?"

ಅವಳ ಕೆಲಸವನ್ನು ಅವಳ ಕೈಯಿಂದಲೇ ಕಿತ್ತು ಅವಳಿಗೇ ಕೊಡುವವರಿದ್ದರು; ಗೋಡೆಯ ಮೇಲಿನ ಆ ಇನ್ನೊಬ್ಬಳಿಗೆ ಹಸಿವೆ ಇರಲಿಲ್ಲ, ಅಷ್ಟೇ.

ಕಾರ್ಖಾನೆ ಬಾಗಿಲು ಹಾಕಿದಂದಿನಿಂದ ಮನೆಯಲ್ಲೇ ಇದ್ದ ಗಂಡ ಎಲ್ಲ ಕೇಳಿಸಿಕೊಂಡ. "ಕತ್ತಿ ಅವರ ಕೈಲಿದೆ, ಕುತ್ತಿಗೆ ನಮ್ಮದು. ಒಂದು ಸಾಲು ತಾನೇ, ಹೇಳಿಬಿಡು," ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಆರು, ಏಳರ ಟೀಚರುಗಳು ಸ್ಟಾಫ್ ರೂಮಿನಲ್ಲಿ ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅದರಲ್ಲೂ ತಪ್ಪು ಸಿಗಲಿಲ್ಲ.

ರೆಕಾರ್ಡಿಂಗ್ ಕೋಣೆ ಮೊದಲು ಲೈಬ್ರರಿಯಾಗಿತ್ತು. ಕಪಾಟುಗಳನ್ನು ಸಾಗಿಸಿ, ಸದ್ದು ಹೀರಲೆಂದು ಗೋಡೆಗೆ ಸ್ಪಂಜು ಬಡಿದಿದ್ದರು. ಕ್ಯಾಮೆರಾದವನು ಅವಳ ಕೊರಳ ಬಳಿ ಮೈಕು ಸಿಕ್ಕಿಸಿ, ಎದುರಿನ ಗಾಜು ತೋರಿಸಿದ. "ಅಕ್ಷರ ಮೇಲೇರ್ತಾ ಹೋಗುತ್ತೆ ಮೇಡಂ. ನೋಡ್ಕೊಂಡು ಓದಿದ್ರಾಯ್ತು." ಬಾಗಿಲ ಬಳಿ ಹೆಡ್‌ಮಾಸ್ಟರು ಕೈಕಟ್ಟಿ ನಿಂತಿದ್ದರು.

ದೀಪ ಹತ್ತಿತು. ಗಾಜಿನ ಮೇಲೆ ಅಕ್ಷರಗಳು ಎದ್ದವು: ನನ್ನ ದನಿಯನ್ನೂ ಮುಖವನ್ನೂ ಬಳಸಿಕೊಳ್ಳಲು ನಾನು ಮನಃಪೂರ್ವಕವಾಗಿ ಒಪ್ಪಿದ್ದೇನೆ.

ಅವು ಮೇಲೇರಿ ಅಂಚಿನಲ್ಲಿ ಮಾಯವಾದವು.

"ಓದಿ ಮೇಡಂ," ಎಂದು ಅವನು ಮತ್ತೆ ಮೊದಲಿಂದ ಬಿಟ್ಟ. ಅಕ್ಷರಗಳು ಏರಿದವು, ಹೋದವು.

"ಮಿಸ್, ಒಂದೇ ಒಂದು ಸಾಲು," ಎಂದರು ಹೆಡ್‌ಮಾಸ್ಟರು.

ಸಣ್ಣ ಮಿಸ್ ತಲೆಯಾಡಿಸಿದಳು. ಇಲ್ಲ.

"ಇಲ್ಲ ಅನ್ನೋದಾದ್ರೆ ಅದನ್ನಾದ್ರೂ ಬಾಯಿಬಿಟ್ಟು ಹೇಳಿ!"

ಅದನ್ನೂ ಅವಳು ಹೇಳಲಿಲ್ಲ. ಈ ಕೋಣೆಗೆ ಕೊಟ್ಟ ಯಾವ ಮಾತು ಯಾವ ಗೋಡೆಯ ಮೇಲೆ ಏಳುತ್ತದೋ ಅವಳಿಗೆ ಗೊತ್ತಿರಲಿಲ್ಲ. ತುಟಿಗಳನ್ನು ಬಿಗಿದು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಕ್ಯಾಮೆರಾದವನು ತನ್ನ ಪರದೆಯತ್ತ ಬಾಗಿ ನೋಡಿದ. ದನಿಯ ಏರಿಳಿತ ತೋರಿಸುವ ಹಸಿರು ಗೆರೆ ನೆಟ್ಟಗೆ ಮಲಗಿತ್ತು. ಹೆಡ್‌ಮಾಸ್ಟರು ಕೆಮ್ಮಿದರು. ಗೆರೆ ಒಮ್ಮೆ ಎದ್ದು, ಮತ್ತೆ ಮಲಗಿತು.