ಇರಬೇಕ್ರಿ

ದಾಂಡೇಲಿಯ ಕಟ್ಟಿಗೆ ಅಡ್ಡೆಯಲ್ಲಿ ನಾನು ಕಾರಕೂನನಾಗಿದ್ದ ಕಾಲಕ್ಕೆ, ಎಂದರೆ ಮೂವತ್ತೆಂಟನೆಯ ಇಸವಿಯಲ್ಲಿ, ಚನಬಸಪ್ಪನೆಂಬ ಮೇಸ್ತ್ರಿಯೊಬ್ಬನಿದ್ದ. ತನ್ನ ನೆನಪಿನ ಮೇಲೆ ಅವನಿಗಿದ್ದ ಭಕ್ತಿ ದೇವರ ಮೇಲೂ ಇರಲಿಲ್ಲ. ತಾನು ಹುಟ್ಟುವ ಮೊದಲು ಕಾಳಿ ಹೊಳೆಗೆ ಬಂದಿದ್ದ ಮಹಾಪೂರವನ್ನು ದಂಡೆಯ ಮೇಲೆ ನಿಂತು ನೋಡಿದವನಂತೆ ಹೇಳುತ್ತಿದ್ದ. ಹತ್ತು ಮಾತಿನಲ್ಲಿ ಏಳು ತಪ್ಪು. ಆದರೆ ತಪ್ಪು ಗೊತ್ತಾಗುವ ಹೊತ್ತಿಗೆ ಅವನು ಬೇರೊಂದು ಕತೆಗೆ ಕೈಹಾಕಿರುತ್ತಿದ್ದ, ಕೇಳುವ ಮಂದೆಯೂ ಬಾಯಿ ತೆರೆದುಕೊಂಡು ಹಿಂದೆಯೇ ಹೋಗುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವುದು ಸುಳ್ಳಲ್ಲ.

ಇನ್ನೊಬ್ಬ ಖಾಜಾಸಾಬ. ಕಾಡಿನಲ್ಲಿ ಕಡಿದ ದಿಮ್ಮಿಯ ಬುಡಕ್ಕೆ ಅಕ್ಷರದ ಸುತ್ತಿಗೆಯಿಂದ ಹೊಡೆದು ಗುರುತು ಮೂಡಿಸುವುದು ಅವನ ಕೆಲಸ. ಗುರುತಿಲ್ಲದ ದಿಮ್ಮಿ ಕಳವಿನದು. ಯಾವ ದಿಮ್ಮಿಯಲ್ಲಿ ಎಲ್ಲಿ ಗಂಟಿದೆ ಎಂಬುದೂ ಅವನ ತಲೆಯಲ್ಲಿತ್ತು, ಆದರೂ ತನ್ನ ತಲೆ ಬರೇ ಜರಡಿ ಎಂದೇ ಅವನು ನಂಬಿದ್ದ. ನೆನಪನ್ನು ಬಾಯಿಬಿಟ್ಟು ಹೇಳಿದ್ದರೆ ತಾನೆ ಯಾರಾದರೂ ಹೌದು ಅನ್ನುವುದು? ಏನು ಕೇಳಿದರೂ ‘ಇರಬೇಕ್ರಿ’ ಎಂದು ಮುಗಿಸುತ್ತಿದ್ದ. ಮಗಳ ಹೆಸರು ಕೇಳಿದರೂ ‘ಗುಲ್ಶನ ಇರಬೇಕ್ರಿ’ ಎನ್ನುವ ಪೈಕಿ. ಖಂಡಿತ ಎನ್ನುವುದು ಅಲ್ಲಾನ ಮಾತು, ಮನುಷ್ಯನದಲ್ಲ ಎಂದು ಅವನ ಅಜ್ಜ ಕಲಿಸಿದ್ದನಂತೆ.

ಆ ಬೇಸಿಗೆಯಲ್ಲಿ ಚಕ್ಕಡಿಯ ಲಾಲು ಕೋಗಿಲಬನದಿಂದ ತಂದ ಒಂದು ತೇಗದ ದಿಮ್ಮಿಗೆ ಗುರುತಿಲ್ಲವೆಂದು ಅರಣ್ಯ ಇಲಾಖೆಯ ಸಾಹೇಬರು ಅವನ ಎತ್ತುಗಳನ್ನು ಕಟ್ಟಿಹಾಕಿಸಿದರು. ದಿಮ್ಮಿಯ ಬುಡ ಸೀಳಿತ್ತೆಂದು ಅಡ್ಡೆಯ ಗರಗಸದವರು ಆಗಲೇ ಆ ತುದಿಯನ್ನು ಕೊಯ್ದು ಒಗೆದಿದ್ದರು. ಆ ತುಂಡು ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಉಳಿದದ್ದು ನೆನಪು ಮಾತ್ರ. ಲಾಲುವಿನ ಮನೆಯ ಆರು ಹೊಟ್ಟೆ ಆ ಎರಡು ಎತ್ತುಗಳ ಮೇಲಿತ್ತು.

ವಿಚಾರಣೆಯಲ್ಲಿ ಚನಬಸಪ್ಪ ಎದೆಯುಬ್ಬಿಸಿ ನಿಂತ. ಚಕ್ಕಡಿ ಬಂದಾಗ ಅವನು ಈರಕ್ಕನ ಚಹಾದಂಗಡಿಯಲ್ಲಿ ಹರಟುತ್ತಿದ್ದದ್ದನ್ನು ನಾನೇ ಕಂಡಿದ್ದೆ. ಆದರೂ ಆ ದಿನ ಲಾಲು ಸುತ್ತಿದ್ದ ರುಮಾಲಿನ ಬಣ್ಣದವರೆಗೆ ಎಲ್ಲ ಹೇಳಿ, ದಿಮ್ಮಿಯ ಬುಡ ಬೋಳಾಗಿತ್ತು, ಕಣ್ಣಿಗೆ ಕಟ್ಟಿದಂತಿದೆ ಎಂದ. ಪುಣೆಯ ಕಡೆಯ ಸಾಹೇಬರು ತಲೆದೂಗಿದರು.

ಖಾಜಾಸಾಬ ನೆಲ ನೋಡುತ್ತ ಹೇಳಿದ: “ಗುರ್ತ ನಾನ ಹೊಡದಿರಬೇಕ್ರಿ. ಸುತ್ತಿಗಿ ಜಾರಿ ಎರಡ ಸಲ ಬಿದ್ದಿರಬೇಕ್ರಿ, ಒಂದರ ಮ್ಯಾಲ ಒಂದು.”

ಸಾಹೇಬರು ನಕ್ಕರು. ಪುಸ್ತಕದಿಂದ ಕನ್ನಡ ಕಲಿತ ಆ ಜಾಣರ ಪ್ರಕಾರ ‘ಇರಬೇಕು’ ಎಂದರೆ ಗೊತ್ತಿಲ್ಲ ಎಂದರ್ಥ. ‘ಸಾಕ್ಷಿಗೆ ನೆನಪಿಲ್ಲ’ ಎಂದು ಬರೆದುಕೋ ಎಂದರು. ಸುತ್ತಿಗೆ ಜಾರಿದ ದಿನವೇ ಖಾಜಾಸಾಬ ಆ ಮಾತನ್ನು ನನಗೆ ನಾಚಿಕೊಂಡು ಹೇಳಿದ್ದ. ಆದರೂ ನಾನು ತುಟಿಪಿಟಕ್ಕೆನ್ನದೆ ಬರೆದೆ. ಹೇಡಿಗೆ ಅಕ್ಷರ ಚೆಂದ ಇದ್ದರೆ ಸಾಕು, ಕಾರಕೂನನಾಗುತ್ತಾನೆ.

ಎತ್ತುಗಳು ಹಳಿಯಾಳದಲ್ಲಿ ಹರಾಜಾದವು. ಲಾಲು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮುಂಡಗೋಡದ ಕಡೆ ಕೂಲಿಗೆ ಹೋದ.

ತಿಂಗಳಾದ ಮೇಲೆ ಈರಕ್ಕ ಅಂಗಡಿ ಸಾರಿಸಲೆಂದು ಚನಬಸಪ್ಪನನ್ನು ಎಬ್ಬಿಸಿ, ಅವನು ದಿನವೂ ಕೂತು ಕತೆ ಹೇಳುತ್ತಿದ್ದ ಮರದ ತುಂಡನ್ನು ಮಗುಚಿದಳು. ಒಲೆಗೆಂದು ಅಡ್ಡೆಯಿಂದ ಹೊತ್ತು ತಂದದ್ದಂತೆ. ಅದರ ಅಡಿಯಲ್ಲಿ ಗುರುತಿತ್ತು, ಒಂದರ ಮೇಲೊಂದು ಎರಡು ಸಲ ಬಿದ್ದಿತ್ತು. ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದರು. ಮೂಲೆಯಲ್ಲಿ ಖಾಜಾಸಾಬನೂ ಇದ್ದ.

ಚನಬಸಪ್ಪ ಬಗ್ಗಿ ನೋಡಿದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ನಾ ಅವತ್ತ ಸಾಹೇಬರ ಮುಂದ ಹೇಳಿದ್ನಲ್ಲ, ಗುರ್ತ ಎರಡ ಸಲ ಬಿದ್ದೈತಿ ಅಂತ,” ಎಂದ. “ಈ ಖಾಜಾಸಾಬಗ ನೆನಪ ಆಗಲಿಲ್ಲ, ಪಾಪ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹಾಗೆಯೇ ನೆನಪಿತ್ತು, ಥೂ. ವಿಚಾರಣೆಗೆ ಬಂದಿದ್ದ ನಾಲ್ಕು ಜನ ಹೌದೌದು, ಹೇಳಿದ್ದಿರಿ ಎಂದು ಗೋಣು ಹಾಕಿದರು. ಬುಡ ಬೋಳಾಗಿತ್ತೆಂಬ ಅವನ ಹೇಳಿಕೆ ನನ್ನ ಕೈಬರಹದಲ್ಲೇ ಕಚೇರಿಯ ಪೆಟ್ಟಿಗೆಯಲ್ಲಿತ್ತು. ನಾನು ಚಹಾ ಕುಡಿಯುತ್ತ ಖಾಜಾಸಾಬನ ಮುಖ ನೋಡಿದೆ, ಇವತ್ತಾದರೂ ಒಂದು ಮಾತು ಆಡಲಿ ಎಂದು.

ಅವನು ಹತ್ತಿರ ಬಂದು ಕೂತು, ಆ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದ.

“ಅವರು ಅಂದಿರಬೇಕ್ರಿ,” ಎಂದ.