ಎಂಟು ಸೈಕಲ್ಲುಗಳಲ್ಲಿ ಒಂದು

ಮಸ್ತಾನ್ ಸಾಹೇಬರ ಸೈಕಲ್ ಅಂಗಡಿಯ ಒಳಗೋಡೆಗೆ ಆಳೆತ್ತರದ ಒಂದು ಕನ್ನಡಿ ಒರಗಿಕೊಂಡಿತ್ತು. ಮುಚ್ಚಿಹೋದ ಯಾವುದೋ ಜವಳಿ ಅಂಗಡಿಯಿಂದ ಅವರು ಅದನ್ನು ಹೊತ್ತು ತಂದಿದ್ದರು. ಪಾದರಸ ಅಲ್ಲಲ್ಲಿ ಕಳಚಿ, ಕೆಳಗಿನ ಮೂಲೆಯಲ್ಲಿ ಕಂದು ಕಲೆಗಳು ಎದ್ದಿದ್ದವು. ಟೈರು, ಸರಪಳಿ, ಎಣ್ಣೆ ಡಬ್ಬಿಗಳ ನಡುವೆ ಕನ್ನಡಿ ಯಾಕೆ ಎಂದು ಹೊಸಬರು ಕೇಳಿದರೆ ಸಾಹೇಬರು, "ಸೈಕಲ್ ಹತ್ತಿದೋನು ಊರಿಗೆಲ್ಲಾ ಕಾಣ್ತಾನೆ. ಅದಕ್ಕೆ ಮೊದ್ಲು ಅವನಿಗೆ ಅವನು ಕಾಣ್ಲಿ" ಎನ್ನುತ್ತಿದ್ದರು.

ಅಂಗಡಿಯ ಮುಂದಿನ ಬೆಂಚಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಏಳೆಂಟು ಜನ ಸೇರುತ್ತಿದ್ದೆವು. ಎಲ್ಲರೂ ಕೆಲಸಕ್ಕೆ ಹೊರಟವರು, ಎಲ್ಲರೂ ಸೈಕಲ್ಲಿನವರು. ಗಾಳಿ ಹಾಕಿಸುವುದು ನೆಪ. ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ಏಸುದಾಸಪ್ಪನವರು ಕಡುಗೆಂಪು ಟೈ ಕಟ್ಟಿ, ಪ್ಯಾಂಟಿನ ಅಂಚಿಗೆ ಹಿತ್ತಾಳೆಯ ಕ್ಲಿಪ್ಪು ಸಿಕ್ಕಿಸಿಕೊಂಡು ಬರುತ್ತಿದ್ದರು. ಬೆರಳಚ್ಚು ಶಾಲೆಯ ಮೇಷ್ಟರು ಪಂಚೆಯ ಅಂಚು ಒಂದಿಷ್ಟೂ ಮಾಸದಂತೆ ಸವಾರಿ ಮಾಡುವ ವಿದ್ಯೆಯನ್ನು ಕರಗತ ಮಾಡಿಕೊಂಡಿದ್ದರು. ನಮ್ಮೂರಿನಲ್ಲಿ ಸೈಕಲ್ಲೆಂದರೆ ಬೇರೇನೂ ಗತಿಯಿಲ್ಲದವರ ವಾಹನ. ಆ ಬೆಂಚಿನವರಿಗೆ ಮಾತ್ರ ಅದೊಂದು ಠೀವಿ.

ನಾನು ನೋಂದಣಿ ಕಚೇರಿಯಲ್ಲಿ ದಸ್ತಾವೇಜುಗಳ ನಕಲು ಬರೆಯುತ್ತಿದ್ದೆ. ಗಂಜಿ ಹಾಕಿದ ಸೀರೆ, ಅದಕ್ಕೊಪ್ಪುವ ರವಿಕೆ, ಮುಡಿಯಲ್ಲಿ ಒಂದೆಳೆ ಕನಕಾಂಬರ, ಕೆಳಗೆ ಹೊಳೆಯುವ ಕಪ್ಪು ಸೈಕಲ್ಲು. ಊರಿನಲ್ಲಿ ಸೀರೆಯುಟ್ಟು ಸೈಕಲ್ ತುಳಿದು ಕಚೇರಿಗೆ ಹೋದ ಮೊದಲನೆಯವಳು ನಾನೇ. ಅದು ಪುಕ್ಕಟೆ ಬಂದ ಹೆಸರಲ್ಲ. ಮೊದಲ ವರ್ಷ ಹುಣಸೆ ಬೀಜದಿಂದ ಹಸಿ ಸಗಣಿಯವರೆಗೆ ಎಲ್ಲವೂ ನನ್ನ ಬೆನ್ನಿಗೆ ಬಿದ್ದಿತ್ತು. ನನ್ನ ನಡತೆಯ ಬಗ್ಗೆ ಮೇಲಧಿಕಾರಿಗೆ ಒಂದು ಮೂಕರ್ಜಿಯೂ ಹೋಗಿತ್ತು. ಅದನ್ನೆಲ್ಲ ಹಲ್ಲುಕಚ್ಚಿ ದಾಟಿ ಬಂದವಳಾದ್ದರಿಂದ ಆ ಬೆಂಚಿನ ತುದಿಯ ಜಾಗ ನನ್ನ ಸ್ವಂತ ಆಸ್ತಿಯೆಂದು ಬಗೆದಿದ್ದೆ.

ಅಂಥ ಒಂದು ಬೆಳಿಗ್ಗೆ ಪ್ರಫುಲ್ಲಾ ಬಂದಳು. ಹೆರಿಗೆ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸು. ಮನೆಮನೆಗೆ ಹೋಗಿ ಬಸುರಿಯರನ್ನು ನೋಡುವುದು ಅವಳ ಕೆಲಸ. ಸಮವಸ್ತ್ರದ ಬಿಳಿ ಸೀರೆಯನ್ನು ನಮ್ಮ ಅಜ್ಜಿಯರ ಹಾಗೆ ಕಚ್ಚೆ ಹಾಕಿ ಉಟ್ಟಿದ್ದಳು. ಆದರೆ ಯಾವ ಅಜ್ಜಿಯೂ ಅದನ್ನು ಅಷ್ಟು ಅಚ್ಚುಕಟ್ಟಾಗಿ ಉಟ್ಟಿರಲಾರಳು. ಕಾಲಿಗೆ ಬೂಟು, ತಲೆಗೆ ಕಿತ್ತಳೆ ಬಣ್ಣದ ವಸ್ತ್ರ. ಹಸಿರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಯಾರ ಪರಿಚಯವನ್ನೂ ಕೇಳದೆ, ಮೊದಲು ನನ್ನ ಸೈಕಲ್ಲನ್ನೂ ಆಮೇಲೆ ನನ್ನನ್ನೂ ನೋಡಿದಳು.

"ನಿಮ್ಮ ಸೀಟು ತಗ್ಗಾಯ್ತು" ಎಂದಳು. "ಮಂಡಿ ಎರಡೂ ಆಚೆಗೆ ಹೋಗ್ತವೆ. ಆಗಲೇ ಹಿಂದಿಂದ ನೋಡ್ದೆ, ಬಾತುಕೋಳಿ ನಡೆದ ಹಾಗಿತ್ತು."

ಬೆಂಚಿಗೆ ಬೆಂಚೇ ನಕ್ಕಿತು. ಸಾಹೇಬರೂ ಪಂಪು ಹಿಡಿದುಕೊಂಡೇ ನಕ್ಕರು.

"ಕಚ್ಚೆ ಹಾಕೋ ವಯಸ್ಸು ನನಗಿನ್ನೂ ಬಂದಿಲ್ವಲ್ಲ, ಅದಕ್ಕೆ ತಿಳೀಲಿಲ್ಲ" ಎಂದೆ.

"ಬರತ್ತೆ ಬಿಡಿ. ತುಂಬಾ ದೂರ ಏನಿಲ್ಲ."

ನನಗಾಗ ಮೂವತ್ತು ತುಂಬಿತ್ತು. ಆ ಭಾನುವಾರ ಯಾರಿಗೂ ಕಾಣದಂತೆ ಹಿತ್ತಲಿನಲ್ಲಿ ಸೀಟನ್ನು ಎರಡು ಬೆರಳು ಎತ್ತರಿಸಿದೆ. ಸೋಮವಾರ ಕೆರೆ ಏರಿಯ ದಿಬ್ಬ ಅರ್ಧ ಸವೆದುಹೋದಂತೆ ಹಗುರವಾಯಿತು. ಅವಳ ಮಾತು ಸುಳ್ಳಾಗಿದ್ದರೆ ನಾನು ಅವಳನ್ನು ಕ್ಷಮಿಸಿಬಿಡುತ್ತಿದ್ದೆನೋ ಏನೋ. ಅಂಗಡಿಯಲ್ಲಿ ಅವಳು ನನ್ನ ಸೀಟಿನತ್ತ ಒಮ್ಮೆ ನೋಡಿದಳು. ತುಟಿಯಂಚಿನಲ್ಲಿ ಒಂದು ನಗೆ ಮೂಡಿ ಮಾಯವಾಯಿತು. ಬೈದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಆರು ತಿಂಗಳು ನಾವಿಬ್ಬರೂ ಹಾಗೆ ಕಾದಾಡಿದೆವು. ನಾನು ಹ್ಯಾಂಡಲ್ಲಿಗೆ ಬೆತ್ತದ ಬುಟ್ಟಿ ಕಟ್ಟಿಸಿದರೆ ಅವಳು ಚರ್ಮದ ಚೀಲ ತೂಗುಹಾಕುವಳು. ನಾನು ಮಾತು ತೆಗೆದರೆ ಅವಳು ಆಕಳಿಸುವಳು. ಅವಳು ಹಾಸ್ಯ ಮಾಡಿದರೆ ನಾನೊಬ್ಬಳೇ ನಗದೆ ಕುಳಿತಿರುವೆನು. ಬೆಂಚು ಮೆಲ್ಲಗೆ ಅವಳತ್ತ ವಾಲಿತು. ಏಸುದಾಸಪ್ಪನವರ ಮಗಳು ರೂತ್ ಚೊಚ್ಚಲ ಬಸುರಿ. ಅವರಿಗೆ ದಿನವೂ ಪ್ರಫುಲ್ಲಾಳ ಬಳಿ ಕೇಳುವುದಕ್ಕೆ ಏನಾದರೊಂದು ಇರುತ್ತಿತ್ತು. ಮೇಷ್ಟರಂತೂ ನನ್ನ ಪಕ್ಕದ ಜಾಗ ಬಿಟ್ಟು ಅವಳ ಪಕ್ಕಕ್ಕೆ ಸರಿದರು. ಹೊರಡುವ ಮೊದಲು ಅವಳು ಕನ್ನಡಿಯ ಮುಂದೆ ನಿಂತು ಮೂರು ಸಲ ತಿರುಗುತ್ತಿದ್ದಳು: ಒಮ್ಮೆ ಕಚ್ಚೆಗೆ, ಒಮ್ಮೆ ಸೆರಗಿಗೆ, ಇನ್ನೊಮ್ಮೆ ಸುಮ್ಮನೆ. ಆ ಮೂರನೆಯ ಸುತ್ತನ್ನು ಕಂಡರೆ ನನ್ನ ಮೈಯೆಲ್ಲ ಬೆಂಕಿಯಾಗುತ್ತಿತ್ತು.

ಆ ಬೇಸಿಗೆಯಲ್ಲಿ ಆಸ್ಪತ್ರೆಯ ಆಡಳಿತ ಸಮಿತಿಗೆ ಒಂದು ಮೂಕರ್ಜಿ ಹೋಯಿತು. ನರ್ಸ್ ಪ್ರಫುಲ್ಲಾ ಕಾಲು ಕಾಣುವಂತೆ ಉಡುತ್ತಾಳೆ, ಕೆಲಸದ ಹೊತ್ತಿನಲ್ಲಿ ಸೈಕಲ್ ಅಂಗಡಿಯ ಗಂಡಸರ ನಡುವೆ ಕೂರುತ್ತಾಳೆ, ಅಲ್ಲಿನ ಕನ್ನಡಿಯ ಮುಂದೆ ಮೂರು ಮೂರು ಸಲ ತಿರುಗಿ ಮೈ ತೋರಿಸುತ್ತಾಳೆ ಎಂದು ಅದರಲ್ಲಿತ್ತು. ಕೆಳಗೆ "ನೊಂದ ನಾಗರಿಕರು" ಎಂಬ ರುಜು.

ಅದನ್ನು ಬರೆದವಳು ನಾನು. ನನ್ನ ಅಕ್ಷರ ಊರಿಗೆಲ್ಲ ಗೊತ್ತಿದ್ದುದರಿಂದ ಎಡಗೈಯಲ್ಲಿ ಬರೆದೆ. ಒಂದು ಪುಟ ತುಂಬಿಸಲು ಇಡೀ ಮಧ್ಯಾಹ್ನ ಹಿಡಿಯಿತು. ನನ್ನ ಮೇಲೆ ಬಂದಿದ್ದ ಮೂಕರ್ಜಿಯ ಮಾತುಗಳು ನನಗಿನ್ನೂ ಬಾಯಿಪಾಠವಿದ್ದವು. ಅವುಗಳಲ್ಲಿ ಕೆಲವನ್ನು ಹಾಗೆಯೇ ಇಳಿಸಿದೆನೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹನ್ನೆರಡು ದಿನಕ್ಕೆ ಆಸ್ಪತ್ರೆಯ ಹಲಗೆಯ ಮೇಲೆ ಆಜ್ಞೆ ಬಂತು: ಮಹಿಳಾ ಸಿಬ್ಬಂದಿ ಕರ್ತವ್ಯದ ವೇಳೆಯಲ್ಲಿ ಸೈಕಲ್ ಏರತಕ್ಕದ್ದಲ್ಲ. ಪ್ರಫುಲ್ಲಾ ಮರುದಿನ ನಡೆದೇ ಅಂಗಡಿಗೆ ಬಂದಳು. ಕನ್ನಡಿಯ ಮುಂದೆ ಎಂದಿನಂತೆ ಮೂರು ಸಲ ತಿರುಗಿದಳು, ಸ್ವಲ್ಪ ಹೊತ್ತು ಕುಳಿತಳು, ಚೀಲ ಹೆಗಲಿಗೇರಿಸಿ ನಡೆದು ಹೋದಳು. ಬೂಟಿನ ತುಂಬ ಕೆಂಪು ಧೂಳು ಹತ್ತುತ್ತಿತ್ತು.

"ಬರೆದ ಕೈಗೆ ಹುಳ ಬೀಳ್ಲಿ" ಎಂದರು ಮೇಷ್ಟರು, ಒಂದು ಬೆಳಿಗ್ಗೆ ಅವಳು ಬೆಂಚಿನಲ್ಲಿ ಕುಳಿತಿದ್ದಾಗ.

"ಬೀಳ್ಬೇಕು" ಎಂದೆ ನಾನು.

ಪ್ರಫುಲ್ಲಾ ತಲೆಯೆತ್ತಿ ನನ್ನನ್ನು ನೋಡಿದಳು, ಬೂಟಿನ ಲೇಸು ಕಟ್ಟಿಕೊಂಡಳು.

ಆಜ್ಞೆ ಬಂದ ಒಂಬತ್ತನೆಯ ದಿನ ಏಸುದಾಸಪ್ಪನವರು ಟೈ ಇಲ್ಲದೆ, ಗುಂಡಿ ಹಾಕದ ಅಂಗಿಯಲ್ಲಿ ಸೈಕಲ್ ತುಳಿದುಕೊಂಡು ಬಂದರು. ಅವರನ್ನು ಹಾಗೆ ನಾವು ಯಾರೂ ಕಂಡಿರಲಿಲ್ಲ.

"ರೂತ್‌ಗೆ ನೋವು ಶುರುವಾಗಿ ಬಹಳ ಹೊತ್ತಾಯ್ತು ಸಿಸ್ಟರ್. ಮಗು ಅಡ್ಡ ತಿರುಗಿದೆ ಅಂತಾರೆ ಮನೇಲಿ. ಗಾಡಿ ಒಂದೂ ಸಿಗ್ಲಿಲ್ಲ."

ಅವರ ಮನೆ ಕೆರೆಯ ಆಚೆ, ಎರಡೂವರೆ ಮೈಲಿ. ಪ್ರಫುಲ್ಲಾ ಎದ್ದಳು. ಗೋಡೆಯುದ್ದಕ್ಕೂ ಎಂಟು ಸೈಕಲ್ಲುಗಳು ನಿಂತಿದ್ದವು. ಏಸುದಾಸಪ್ಪನವರು ತಮ್ಮದನ್ನು ಮುಂದೆ ಚಾಚಿದರು, ಮೇಷ್ಟರೂ ಎದ್ದರು. ಅವಳು ಯಾರದ್ದನ್ನೂ ಮುಟ್ಟದೆ ಕೊನೆಯವರೆಗೆ ಹೋಗಿ, ಅಡ್ಡವಿದ್ದ ಎರಡು ಸೈಕಲ್ಲುಗಳನ್ನು ಸರಿಸಿ, ನನ್ನದನ್ನು ಹೊರಗೆಳೆದಳು. ಬಾರ್ ಇಲ್ಲದ ಲೇಡೀಸ್ ಸೈಕಲ್ಲು ಅದೊಂದೇ ಆದ್ದರಿಂದ ಎಂದು ನಾನು ಅಂದುಕೊಂಡೆ. ಕಣ್ಣಿಗೆ ಕಣ್ಣು ಸೇರಿತು. ಅವಳು ಕೇಳಲಿಲ್ಲ. ನಾನು ತಗೊಳ್ಳಿ ಎನ್ನಲಿಲ್ಲ. ಹತ್ತಿ ಹೊರಟೇಬಿಟ್ಟಳು.

ನಾನು ನಡೆದು ಕಚೇರಿಗೆ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅವಳನ್ನು ಬೈಯುತ್ತಿದ್ದೆ. ಬೈಗುಳದ ಅಡಿಯಲ್ಲಿ ಇನ್ನೊಂದು ಲೆಕ್ಕವೂ ನಡೆದಿತ್ತು: ನಡೆದು ಹೋಗಿದ್ದರೆ ಅವಳು ಎಷ್ಟು ಹೊತ್ತಿಗೆ ಮುಟ್ಟುತ್ತಿದ್ದಳು?

ಸಂಜೆ ನನ್ನ ಸೈಕಲ್ಲನ್ನು ಅಂಗಡಿಯ ಮುಂದೆ ಒರೆಸಿ ನಿಲ್ಲಿಸಿದ್ದರು. ಏಸುದಾಸಪ್ಪನವರು ಜಿಲೇಬಿ ಹಂಚುತ್ತಿದ್ದರು. ಹೆಣ್ಣು ಮಗು, ತಾಯಿಗೂ ಅಪಾಯವಿಲ್ಲ. "ಇನ್ನೊಂದರ್ಧ ಗಂಟೆ ತಡ ಆಗಿದ್ರೆ ಇಬ್ರೂ ಉಳೀತಿರ್ಲಿಲ್ಲ ಅಂದ್ರು ಸಿಸ್ಟರ್" ಎಂದು ನನ್ನ ಕೈಗೂ ಒಂದನ್ನಿಟ್ಟರು. "ನಿಮ್ಮ ಸೈಕಲ್ಲಮ್ಮ ಅದು. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ." ಜಿಲೇಬಿ ಬಾಯಲ್ಲಿ ಕರಗಲೊಲ್ಲದೆ ಹಾಗೆಯೇ ಕುಳಿತಿತು.

ಶನಿವಾರ ಸಮಿತಿ ವಿಚಾರಣೆ ಇಟ್ಟಿತು. ಆಜ್ಞೆ ಮೀರಿ ಸೈಕಲ್ ಹತ್ತಿದ್ದು ಒಂದು ಆರೋಪ. ಪರರ ಸೈಕಲ್ಲನ್ನು ಕೇಳದೆ ಒಯ್ದದ್ದು ಇನ್ನೊಂದು. ನೌಕರಿ ಹೋಗುವುದು ಬಹುಮಟ್ಟಿಗೆ ನಿಶ್ಚಯವೆಂದು ಊರು ಮಾತಾಡಿಕೊಂಡಿತ್ತು. ಸಾಕ್ಷಿಗೆ ನನ್ನನ್ನು ಕರೆದರು. ಅಧ್ಯಕ್ಷರ ಮುಂದಿನ ಮೇಜಿನ ಮೇಲೆ ನನ್ನ ಎಡಗೈಯ ಸೊಟ್ಟ ಅಕ್ಷರಗಳು ಬಿದ್ದುಕೊಂಡಿದ್ದವು.

"ನಿಮ್ಮನ್ನ ಕೇಳದೆ ತಗೊಂಡು ಹೋದ್ರಂತಲ್ಲ" ಎಂದರು ಅಧ್ಯಕ್ಷರು. "ಹೌದು ಅಂತ ಒಂದು ಮಾತು ಹೇಳಿ ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ."

"ನಾನೇ ಕೊಟ್ಟೆ" ಎಂದೆ.

ಅವರು ಕನ್ನಡಕ ತೆಗೆದರು. "ನಿಮಗೂ ಅವರಿಗೂ ಆಗಿಬರಲ್ಲ ಅಂತ ಕೇಳಿದ್ದೆ."

"ಆಗಿಬರಲ್ಲ. ಆದ್ರೂ ಕೊಟ್ಟೆ."

ಹೊರಗೆ ಜಗಲಿಯ ಮೇಲೆ ಪ್ರಫುಲ್ಲಾ ನಿಂತಿದ್ದಳು. ಒಳಗಿನ ಮಾತು ಅವಳಿಗೆ ಕೇಳಿಸಿತ್ತು. ಒಂದು ಕೃತಜ್ಞತೆಯ ಮಾತನ್ನು ನಿರೀಕ್ಷಿಸಿದ್ದೆನೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

"ನಾನು ಕೇಳ್ಲಿಲ್ಲ, ನೀವು ಕೊಡ್ಲಿಲ್ಲ" ಎಂದಳು ಮೆಲುದನಿಯಲ್ಲಿ. "ಸುಳ್ಳು ಹೇಳಿ ನನ್ನನ್ನ ನಿಮ್ಮ ಹಂಗಿಗೆ ಹಾಕ್ಕೋಬೇಡಿ."

"ಕೆಲಸ ಉಳೀಲಿ ಅಂತ—"

"ಎಂಟು ಸೈಕಲ್ ಇದ್ವು ಅವತ್ತು. ನಿಮ್ಮದೇ ಯಾಕೆ ತಗೊಂಡೆ ಅನ್ಕೊಂಡ್ರಿ?"

"ಬಾರ್ ಇರಲಿಲ್ಲ, ಅದಕ್ಕೆ."

"ಕಚ್ಚೆ ಉಟ್ಟೋಳಿಗೆ ಬಾರ್ ಏನ್ ಅಡ್ಡೀರಿ? ಯಾರು ನನ್ನನ್ನ ಇಳಿಸಿದ್ರೋ ಅವರ ಸೈಕಲ್ಲೇ ಹತ್ತಿ ಹೋಗ್ಬೇಕು ಅನ್ನಿಸ್ತು. ಅಷ್ಟೇ."

"ಯಾರು ಹೇಳಿದ್ರು ನಿಮಗೆ?"

"ಕಾಗದ ಓದಿಸಿದ್ರಲ್ಲ ನನ್ನ ಕೈಲಿ. ಮೂರು ಸಲ ತಿರುಗ್ತಾಳೆ ಅಂತ ಬರೆದಿತ್ತು. ಗಂಡಸ್ರು ನೋಡ್ತಾರೆ, ಎಣಿಸಲ್ಲ. ಎಣಿಸ್ತಿದ್ದೋರು ನೀವೊಬ್ರೇ." ಅವಳ ದನಿ ಏರಲಿಲ್ಲ. "ಬೆಂಚಿಗೆ ಹೇಳಬಹುದಿತ್ತು, ಹೇಳ್ಲಿಲ್ಲ. ಅದನ್ನ ಹೇಳೋ ಕೆಲಸ ನಂದಲ್ಲ."

ಜಗಲಿಯ ಮೆಟ್ಟಿಲು ನಾಲ್ಕೇ. ಇಳಿದು ಹೋಗಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಎರಡು ಮೆಟ್ಟಿಲು ಇಳಿದೆ ಕೂಡ. ಆಮೇಲೆ ತಿರುಗಿ ಒಳಗೆ ಹೋಗಿ, ಮೂಕರ್ಜಿ ನನ್ನದು ಎಂದೆ. ಅದರಲ್ಲಿರುವುದು ನಡತೆಯ ಮಾತಲ್ಲ, ನನ್ನ ಹೊಟ್ಟೆಕಿಚ್ಚು ಎಂದೆ. ಅಧ್ಯಕ್ಷರು ನಂಬಲಿಲ್ಲ, ಯಾರದೋ ಒತ್ತಾಯಕ್ಕೆ ಹೇಳುತ್ತಿದ್ದೇನೆಂದು ತಿಳಿದರು. ಮೇಜಿನ ಮೇಲಿನ ಲೇಖನಿಯನ್ನು ಎಡಗೈಗೆ ತೆಗೆದುಕೊಂಡು "ನೊಂದ ನಾಗರಿಕರು" ಎಂಬ ಆ ರುಜುವಿನ ಕೆಳಗೆ ನನ್ನ ಹೆಸರು ಬರೆದೆ. ಅವರು ಎರಡನ್ನೂ ಬಹಳ ಹೊತ್ತು ನೋಡಿ, "ಹೋಗಿ" ಎಂದರು. ಆ ಒಂದು ಮಾತಿನಲ್ಲಿದ್ದ ಅಸಹ್ಯಕ್ಕೆ ನಾನು ಅರ್ಹಳೇ ಆಗಿದ್ದೆ.

ಪ್ರಫುಲ್ಲಾಳ ನೌಕರಿ ಉಳಿಯಿತು. ಆಜ್ಞೆಯನ್ನು ಹಿಂತೆಗೆದೆವೆಂದು ಯಾರೂ ಸಾರಲಿಲ್ಲ. ಹಲಗೆಯ ಮೇಲಿನ ಕಾಗದ ಒಂದು ದಿನ ಇರಲಿಲ್ಲ, ಅಷ್ಟೇ. ಸೋಮವಾರ ನಾನು ಅಂಗಡಿಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದು ಕುಳಿತಿತ್ತು. ಏಸುದಾಸಪ್ಪನವರು ನನ್ನನ್ನು ಕಂಡವರೇ ಟೈ ಸರಿಪಡಿಸಿಕೊಂಡು ಮುಖ ತಿರುಗಿಸಿದರು. ಸಾಹೇಬರು ಪಂಪು ತಂದು ಎರಡೂ ಚಕ್ರಕ್ಕೆ ಗಾಳಿ ಹಾಕಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಗಾಳಿ ಹಾಕೋದು ನನ್ನ ಕಸುಬು ತಾಯಿ, ನಿಮಗೂ ಹಾಕ್ತೀನಿ" ಎಂದರು. "ಬೆಂಚಿನ ಮೇಲೆ ಮಾತ್ರ ಇನ್ನು ಕೂರಬೇಡಿ."

ಅಂದಿನಿಂದ ರಸ್ತೆಯ ಅಂಚಿನಲ್ಲಿ ನಿಂತೇ ಗಾಳಿ ಹಾಕಿಸಿಕೊಂಡೆ. ಅಲ್ಲಿಂದ ಕನ್ನಡಿಯ ಕಲೆಬಿದ್ದ ಕೆಳಮೂಲೆಯಷ್ಟೇ ಕಾಣುತ್ತಿತ್ತು. ಬೇರೆ ಅಂಗಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಸೀರೆಗೆ ಗಂಜಿ ಹಾಕುವುದನ್ನೂ ಬಿಡಲಿಲ್ಲ.

ಪ್ರಫುಲ್ಲಾ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ, ನಾನೂ ಆಡಿಸಲು ಹೋಗಲಿಲ್ಲ. ಆದರೆ ಇಬ್ಬರೂ ಹೊರಡುತ್ತಿದ್ದ ಹೊತ್ತು ಒಂದೇ, ಕೆರೆ ಏರಿಯ ಕವಲಿನವರೆಗೆ ದಾರಿಯೂ ಒಂದೇ. ಹಿಂದೆ ಬೀಳಲು ಅವಳಿಗೆ ಮನಸ್ಸಿಲ್ಲ, ನನಗೂ ಇಲ್ಲ. ಹೀಗಾಗಿ ನಾಲ್ಕು ವರ್ಷ ನಾವು ಅಕ್ಕಪಕ್ಕದಲ್ಲಿ, ನಡುವೆ ಒಂದು ಮಾರು ಬಿಟ್ಟು, ಒಂದೂ ಮಾತಿಲ್ಲದೆ ಸೈಕಲ್ ತುಳಿದೆವು. ಅವಳು ಕವಲಿನಲ್ಲಿ ಬಲಕ್ಕೆ ಹೊರಳುವಳು, ನಾನು ಎಡಕ್ಕೆ.

ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬೇರೆ ಊರಿಗೆ ವರ್ಗವಾಯಿತೆಂದು ಬೆಂಚಿನಲ್ಲಿ ಮಾತಾಡಿಕೊಂಡದ್ದು ರಸ್ತೆಯ ಅಂಚಿಗೆ ಕೇಳಿಸಿತು. ಏರಿಯ ಬುಡದಲ್ಲಿ ಸೊಪ್ಪು ಮಾರುತ್ತಿದ್ದ ಮುದುಕಿ ನನ್ನನ್ನು ಕೂಗಿ ನಿಲ್ಲಿಸಿದಳು.

"ಒಬ್ಳೇ ಹೊಂಟ್ಯಲ್ಲವ್ವ. ನಿನ್ ಗೆಳ್ತಿ ಎಲ್ಲವ್ವಾ? ಇಬ್ರೂ ಜೋಡೀಲಿ ಓಗೋದು ನೋಡೋಕೆ ಎಷ್ಟ್ ಚೆಂದಾಗಿತ್ತು."

"ವರ್ಗ ಆಯ್ತು" ಎಂದು ಪೆಡಲು ಒತ್ತಿದೆ. ದಿಬ್ಬ ಏರಿ ಕವಲು ಬರುವವರೆಗೂ ನಾನು ರಸ್ತೆಯ ಎಡ ಅಂಚಿನಲ್ಲೇ ಹೋದೆ, ನನ್ನ ಬಲಕ್ಕೆ ಒಂದು ಸೈಕಲ್ಲಿನಷ್ಟು ಜಾಗ ಬಿಟ್ಟು.